ಹಡಗಿನ ಭಾರಕ್ಕೆ ಸೊರಗಿದ ನಗೆ

ಪ್ರಶ್ನೆ: ನಾನು ಸರಕು ಹಡಗಿನಲ್ಲಿ ಕೆಲಸ ಮಾಡುವವನು. ಇಟಲಿಯ ಜಿನೋವಾ ಬಂದರಿನಲ್ಲಿ ‘ನೆಪ್ಚೂನ್’ ಎಂಬ, ಹಳೆಯ ಸ್ಪ್ಯಾನಿಷ್ ನೌಕೆಯಂಥ ಭಾರೀ ಹಡಗನ್ನು ಹತ್ತಿ ನೋಡಿದೆ. ಅದನ್ನು ‘ಪೈರೇಟ್ಸ್’ ಎಂಬ ಕಡಲ್ಗಳ್ಳರ ಹಾಸ್ಯಚಿತ್ರಕ್ಕಾಗಿ ಕಟ್ಟಿಸಿದ್ದೆಂದೂ ಆ ಚಿತ್ರ ನೆಲಕಚ್ಚಿತೆಂದೂ ತಿಳಿಯಿತು. ಅಷ್ಟು ಖರ್ಚು ಮಾಡಿದ ಚಿತ್ರ ವಿಮರ್ಶಕರಿಗೂ ಪ್ರೇಕ್ಷಕರಿಗೂ ಹಿಡಿಸದೆ ಹೋದದ್ದೇಕೆ?
– ಕುಮಟಾದ ಓದುಗರೊಬ್ಬರು

ಉತ್ತರ: ರೋಮನ್ ಪೊಲಾನ್ಸ್ಕಿ ನಿರ್ದೇಶನದ ಈ ಚಿತ್ರ ತೆರೆಗೆ ಬಂದದ್ದು 1986ರಲ್ಲಿ. 1974ರ ‘ಚೈನಾಟೌನ್’ ಮುಗಿದ ಬೆನ್ನಿಗೇ ಅವರು ಇದರ ಕನಸು ಕಂಡಿದ್ದರೂ, ಹಣ ಕೂಡಿ ಕೆಲಸ ಆರಂಭವಾಗುವ ಹೊತ್ತಿಗೆ ಸುಮಾರು ಹತ್ತು ವರ್ಷ ಉರುಳಿದ್ದವು. ನೀವು ಹತ್ತಿದ ಹಡಗನ್ನು ಟುನೀಶಿಯಾದಲ್ಲಿ ಕಟ್ಟಲಾಯಿತು. ಮೇಲೆ ಮರದ ಕೆತ್ತನೆ ಕಂಡರೂ ನೀರಿನೊಳಗಿನ ಅದರ ಒಡಲು ಉಕ್ಕಿನದು. ಚಿತ್ರದ ಒಟ್ಟು ವೆಚ್ಚ ಸುಮಾರು 4 ಕೋಟಿ ಡಾಲರ್ ಆಯಿತು. ಅಮೆರಿಕದ ಚಿತ್ರಮಂದಿರಗಳಲ್ಲಿ 20 ಲಕ್ಷ ಡಾಲರ್ ಕೂಡ ಹುಟ್ಟಲಿಲ್ಲ.

ನನ್ನ ದೃಷ್ಟಿಯಲ್ಲಿ ಸೋಲಿನ ಕಾರಣವನ್ನು ಚಿತ್ರದ ಆರಂಭವೇ ತೋರಿಸಿಕೊಡುತ್ತದೆ. ನಡುಗಡಲಿನಲ್ಲಿ ಒಂದು ತೆಪ್ಪ, ಅದರ ಮೇಲೆ ಮರಗಾಲಿನ ಕ್ಯಾಪ್ಟನ್ ರೆಡ್, ಜೊತೆಗೆ ಫ್ರಾಗ್ ಎಂಬ ಹುಡುಗ. ಹಸಿವಿನಿಂದ ಕಂಗೆಟ್ಟ ಕ್ಯಾಪ್ಟನ್‌ಗೆ ಆ ಹುಡುಗನೇ ಊಟವಾಗಿ ಕಾಣತೊಡಗುತ್ತಾನೆ. ಇಬ್ಬರು ಮನುಷ್ಯರು ಮತ್ತು ನಾಲ್ಕು ಹಲಗೆಗಳಷ್ಟೇ ಇರುವ ಈ ದೃಶ್ಯದಲ್ಲಿ ನಗೆ ತಾನಾಗಿ ಉಕ್ಕುತ್ತದೆ. ಆದರೆ ಅವರು ಸ್ಪ್ಯಾನಿಷ್ ಹಡಗು ಹತ್ತಿದ ಮೇಲೆ ಸೆರೆ, ದಂಗೆ, ಪರಾರಿ, ಮತ್ತೆ ಸೆರೆ ಎಂದು ಕಥೆ ಸುತ್ತಿದಲ್ಲೇ ಸುತ್ತುತ್ತದೆ. ನಗಿಸಬೇಕಾದ ಮುಖಗಳಿಗಿಂತ ಹಾಯಿ, ಹಗ್ಗ, ಫಿರಂಗಿಗಳೇ ಮುಂದಾಗುತ್ತವೆ. ಸೆರೆಸಿಕ್ಕ ಇಬ್ಬರಿಗೂ ಸಭ್ಯರ ಊಟದ ಮೇಜಿನಲ್ಲಿ ಇಲಿಯನ್ನು ತಿನ್ನಿಸುವ ದೃಶ್ಯವನ್ನಂತೂ ಎಷ್ಟು ಎಳೆಯಲಾಗಿದೆಯೆಂದರೆ, ನಗು ಬರುವ ಮೊದಲೇ ಹೇಸಿಗೆ ಬಂದುಬಿಡುತ್ತದೆ.

ನನಗೆ ಹೆಚ್ಚು ನೋವಾಗುವುದು ಕ್ಯಾಪ್ಟನ್ ರೆಡ್ ಪಾತ್ರ ಮಾಡಿದ ನಟ ವಾಲ್ಟರ್ ಮಥಾವು ಅವರ ವಿಷಯದಲ್ಲಿ. ಜೋತುಬಿದ್ದ ಕೆನ್ನೆ, ಗೊಣಗುವ ತುಟಿ, ತಡವಾಗಿ ಏಳುವ ಹುಬ್ಬು, ಇವೇ ಅವರ ಬಂಡವಾಳ. ಅಂಥ ಮುಖವನ್ನು ದಟ್ಟ ಗಡ್ಡದಲ್ಲಿ ಮುಚ್ಚಿ, ತಮ್ಮದಲ್ಲದ ಲಂಡನ್ ಬೀದಿಯ ಉಚ್ಚಾರಣೆಯನ್ನು ಅವರ ಬಾಯಿಗೆ ಹೊರಿಸಿದ್ದು ದೊಡ್ಡ ತಪ್ಪು. ಆಂಥೋನಿ ಪೊವೆಲ್ ಅವರ ವಸ್ತ್ರವಿನ್ಯಾಸ ಆಸ್ಕರ್ ನಾಮನಿರ್ದೇಶನ ಪಡೆದದ್ದು ನ್ಯಾಯವೇ ಸರಿ, ಆ ಉಡುಪುಗಳು ನಿಜಕ್ಕೂ ಸೊಗಸಾಗಿವೆ.

ಮತ್ತೊಮ್ಮೆ ಜಿನೋವಾಕ್ಕೆ ಹೋಗುವ ಮುನ್ನ ಆ ತೆಪ್ಪದ ದೃಶ್ಯವನ್ನು ದಯವಿಟ್ಟು ನೋಡಿ. ಕೊನೆಯಲ್ಲೂ ಅವರಿಬ್ಬರೇ, ಕದ್ದ ಚಿನ್ನದ ಸಿಂಹಾಸನದೊಂದಿಗೆ ಪುಟ್ಟ ದೋಣಿಯಲ್ಲಿ ತೇಲುತ್ತಿರುತ್ತಾರೆ.