ಸಮುದ್ರವಿಲ್ಲದ ಸಾಗರ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಹಾಸನದ ಕಡೆಯಿಂದ ಮದುವೆಯಾಗಿ ಸಾಗರಕ್ಕೆ ಬಂದು ಎರಡು ವರ್ಷವಾಯ್ತು. ಸಮುದ್ರ ಹೊನ್ನಾವರದಲ್ಲಿದೆ, ಹೆಸರು ಮಾತ್ರ ಇಲ್ಲಿದೆ. ಇದೇನು ಕಥೆ?

ಉತ್ತರ: ಹೊಸ ನೆಂಟರೆಲ್ಲ ಕೇಳುವ ಪ್ರಶ್ನೆ ತಂಗೀ, ಇದು. ಹಿಂದಿನವರು ದೊಡ್ಡ ಕೆರೆಯನ್ನೂ ಸಾಗರ ಎನ್ನುತ್ತಿದ್ದರು. ಚನ್ನಗಿರಿಯ ಸೂಳೆಕೆರೆಗೆ ಶಾಂತಿಸಾಗರ ಎನ್ನುವುದಿಲ್ಲವೇ? ಕೆಳದಿಗೂ ಇಕ್ಕೇರಿಗೂ ನಡುವೆ ಸದಾಶಿವ ನಾಯಕರ ಹೆಸರಿನ ಕೆರೆ ಸದಾಶಿವಸಾಗರ. ಈಗ ನೀವು ಸಂತೆಗೆ ಹೋಗುವಾಗ ನೋಡುವ ಗಣಪತಿ ಕೆರೆ ಅದೇ. ಅರಸನ ಹೆಸರು ಜನರ ಬಾಯಲ್ಲಿ ಸವೆದುಹೋಯ್ತು, ಸಾಗರ ಉಳಿಯಿತು. ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ ಬಿದನೂರಿಗೆ ಹೋಯಿತು. ಆ ಮೂರೂ ಈಗ ಹಳ್ಳಿಗಳು. ಕೆರೆ ಪಕ್ಕದ ಊರೇ ಅಡಿಕೆ ಮಂಡಿಯ ಪೇಟೆಯಾಗಿ ಕೂತಿದೆ.

ಪ್ರಶ್ನೆ: ನಮ್ಮ ಮನೆ ಸೂರಿನ ಒಂದು ಕಡೆಯ ನೀರು ಪೂರ್ವ ಸಮುದ್ರಕ್ಕೆ, ಇನ್ನೊಂದು ಕಡೆಯದು ಪಶ್ಚಿಮಕ್ಕೆ ಎನ್ನುತ್ತಾರೆ ಅಜ್ಜ. ಹೌದೇ?

ಉತ್ತರ: ನಿಮ್ಮ ಸೂರಿಗೆ ನಾನು ಜಾಮೀನು ನಿಲ್ಲಲಾರೆ, ತಾಲ್ಲೂಕಿನ ಮಟ್ಟಿಗೆ ಅಜ್ಜನ ಮಾತು ಸರಿ. ವರದಾಮೂಲದ ಕೊಳದಲ್ಲಿ ಹುಟ್ಟುವ ವರದೆ ಬನವಾಸಿಯನ್ನು ಬಳಸಿಕೊಂಡು ಗಳಗನಾಥದ ಹತ್ತಿರ ತುಂಗಭದ್ರೆ ಸೇರಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಇತ್ತ ಶರಾವತಿ ಜೋಗದಲ್ಲಿ 830 ಅಡಿ ಧುಮುಕಿ ಹೊನ್ನಾವರಕ್ಕೆ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದ ಮೇಲೆ ಅವಳ ಓಟಕ್ಕೆ ಬೀಗ ಬಿತ್ತು, ಎಷ್ಟೋ ಗದ್ದೆ ತೋಟ ಹಿನ್ನೀರಿನಡಿ ಹೋದವು.

ಪ್ರಶ್ನೆ: ಕಾಗೋಡು ಸತ್ಯಾಗ್ರಹ ಭತ್ತ ಅಳೆಯುವ ಪಾತ್ರೆಯ ಮೇಲೆ ಶುರುವಾಯಿತಂತೆ. ಒಂದು ಪಾತ್ರೆಗಾಗಿ ಅಷ್ಟು ಜನ ಜೈಲಿಗೆ ಹೋದರೇ?

ಉತ್ತರ: ಹೋದರು. ಆ ಪಾತ್ರೆ, ಅಂದರೆ ಕೊಳಗ, ಒಂದು ಬೆರಳು ಅಗಲವಾದರೆ ಏನಾಗುತ್ತದೆಂದು ಗೇಣಿ ಕೊಟ್ಟವರಿಗೇ ಗೊತ್ತು. ನನ್ನಜ್ಜನೂ ಗೇಣಿದಾರ. ಅಜ್ಜ ಮನೆಯಲ್ಲಿ ನಮ್ಮ ಕೊಳಗದಿಂದ ಲೆಕ್ಕ ಹಿಡಿದು ಗಾಡಿಗೆ ಹೇರಿದ ಭತ್ತ, ಜಮೀನಿನ ಒಡೆಯರ ಅಂಗಳದಲ್ಲಿ ಅಳೆದಾಗ ಪ್ರತಿ ವರ್ಷ ಕಡಿಮೆ ಬೀಳುತ್ತಿತ್ತು. ಅಳೆಯುವವನು ರೂಢಿಯಂತೆ ಒಂದು ಎನ್ನದೆ "ಲಾಭ" ಎಂದು ಶುರುಮಾಡುತ್ತಿದ್ದ. ಲಾಭ, ಎರಡು, ಮೂರು... ಆ ಲಾಭ ಯಾರಿಗೆ ಅಂತ ಅಜ್ಜಿ ಬಾಯಿಬಿಟ್ಟೇ ಕೇಳುತ್ತಿದ್ದಳಂತೆ. ಕೊಳಗಕ್ಕೆ ಅರ್ಧ ಸೇರು ಹೆಚ್ಚು ಹಿಡಿದರೆ 100 ಕೊಳಗಕ್ಕೆ 50 ಸೇರು. ಮಳೆಗಾಲದಲ್ಲಿ ಒಂದು ಮನೆಯ ಗಂಜಿ ಅದು.

ಕಾಗೋಡಿನ ಗೇಣಿದಾರರು, ಹೆಚ್ಚಿನವರು ದೀವರ ಸಮುದಾಯದವರು, ಸರ್ಕಾರಿ ಅಳತೆಯ ಕೊಳಗದಲ್ಲಿ ಮಾತ್ರ ಕೊಡುತ್ತೇವೆಂದರು. ಒಡೆಯರು ಒಪ್ಪಲಿಲ್ಲ, ಗದ್ದೆಗೇ ಇಳಿಯಬೇಡಿ ಎಂದರು. 1951ರ ಏಪ್ರಿಲ್‌ನಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ರೈತರು ನೇಗಿಲು ಹೊತ್ತು ಗದ್ದೆಗೆ ಇಳಿದರು. ಒಂದು ತಂಡವನ್ನು ಪೊಲೀಸರು ಹಿಡಿದೊಯ್ದರೆ ಇನ್ನೊಂದು ತಂಡ. ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಬಂಧಿಸಿದರು. ಬೆಂಬಲಕ್ಕಿದ್ದ ಸೋಷಲಿಸ್ಟ್ ಪಕ್ಷದ ಶಾಂತವೇರಿ ಗೋಪಾಲಗೌಡರನ್ನು ಮರುವರ್ಷದ ಚುನಾವಣೆಯಲ್ಲಿ ಜನ ಇಲ್ಲಿಂದಲೇ ಗೆಲ್ಲಿಸಿ ಕಳಿಸಿದರು.

ಭೂಮಿ ಕೈಗೆ ಬರಲು ಮಾತ್ರ ದೇವರಾಜ ಅರಸರ ಕಾಲದ 1974ರ ಕಾನೂನಿನವರೆಗೆ ಕಾಯಬೇಕಾಯ್ತು. ನಮ್ಮಪ್ಪ ಗೇಣಿ ಭೂಮಿ ತಮಗೆ ಕೊಡಿ ಎಂದು 7ನೇ ನಂಬರ್ ಫಾರಂ ಹಾಕಿದಾಗ ಗೇಣಿ ರಸೀದಿ ಕೇಳಿದರಂತೆ. ಒಡೆಯರು ಎಂದಾದರೂ ರಸೀದಿ ಕೊಟ್ಟಿದ್ದರೆ ತಾನೆ! ಪಕ್ಕದ ಗದ್ದೆಯ ಮುದುಕರೊಬ್ಬರು ಸಾಕ್ಷಿ ಹೇಳಲು ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಸಾಗರದವರೆಗೆ ನಡೆದು ಬಂದರು. ಅಪ್ಪನ ಬಗಲಲ್ಲಿ ಗೋಣಿಚೀಲದಲ್ಲಿ ಸುತ್ತಿದ ನಮ್ಮ ಕೊಳಗ ಇತ್ತು. ಅದನ್ನು ಯಾರೂ ಬಿಚ್ಚಿಸಲಿಲ್ಲ. ಈಗ ಅಟ್ಟದ ಮೇಲಿದೆ, ಕಬ್ಬಿಣದ ಪಟ್ಟಿ ಸಡಿಲಾಗಿದೆ, ಒಳಗೆ ನನ್ನ ಹೆಂಡತಿ ಸೀಗೆಕಾಯಿ ತುಂಬಿಟ್ಟಿದ್ದಾಳೆ.