ಕ್ಯೂಬಾ ಕುರಿತ ಹಳೆಯ ಧ್ವನಿಮುದ್ರಣಗಳನ್ನು ಎಲ್ಲಿಂದ ಕೇಳಲು ಶುರುಮಾಡಬೇಕು?

ಕ್ಯೂಬಾದ ರಾಜಕೀಯ ಮತ್ತು ವಿದೇಶಾಂಗ ಸಂಬಂಧಗಳ ಬಗ್ಗೆ ಸಂಗ್ರಹಾಲಯಗಳಲ್ಲಿರುವ ಧ್ವನಿಮುದ್ರಣಗಳನ್ನು ಸ್ಪ್ಯಾನಿಷ್ ಬಾರದವರು ಎಲ್ಲಿಂದ ಕೇಳಲು ಶುರುಮಾಡಬೇಕು, ಅವುಗಳನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು ಕೇಳಿದ್ದೀರಿ. 1962ರ ಅಕ್ಟೋಬರ್ 27ರ ಶನಿವಾರದಿಂದ ಶುರುಮಾಡಿ ಎಂಬುದು ನನ್ನ ಸಲಹೆ. ಸೋವಿಯತ್ ಒಕ್ಕೂಟ ಕ್ಯೂಬಾದಲ್ಲಿ ಇಟ್ಟ ಅಣ್ವಸ್ತ್ರ ಕ್ಷಿಪಣಿಗಳಿಂದಾಗಿ ಅಮೆರಿಕದೊಡನೆ ಹುಟ್ಟಿದ ಕ್ಷಿಪಣಿ ಬಿಕ್ಕಟ್ಟಿನ ಅತ್ಯಂತ ಅಪಾಯದ ಆ ದಿನ ಶ್ವೇತಭವನದ ಸಂಪುಟ ಕೊಠಡಿಯಲ್ಲಿ ನಡೆದ ಗಂಟೆಗಟ್ಟಲೆ ಚರ್ಚೆ ಟೇಪಿನಲ್ಲಿ ಉಳಿದಿದೆ. ಧ್ವನಿ ಬಾಸ್ಟನ್ನಿನ ಕೆನಡಿ ಗ್ರಂಥಾಲಯದ ಜಾಲತಾಣದಲ್ಲಿ ಸಿಗುತ್ತದೆ. ಲಿಖಿತ ರೂಪವನ್ನು ವರ್ಜೀನಿಯಾ ವಿಶ್ವವಿದ್ಯಾಲಯದ ಮಿಲ್ಲರ್ ಸೆಂಟರ್ ಸಿದ್ಧಪಡಿಸಿದೆ. ಎರಡಕ್ಕೂ ಹಣ ಕೊಡಬೇಕಾಗಿಲ್ಲ.

ಈ ಟೇಪುಗಳು ಹುಟ್ಟಿದ ಬಗೆಯನ್ನು ಮೊದಲು ತಿಳಿದುಕೊಳ್ಳಬೇಕು. 1962ರ ಬೇಸಿಗೆಯಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ ತಮ್ಮ ಕಚೇರಿಯಲ್ಲೂ ಸಂಪುಟ ಕೊಠಡಿಯಲ್ಲೂ ಗುಟ್ಟಾಗಿ ಮೈಕುಗಳನ್ನು ಅಳವಡಿಸಿದರು. ಶುರುಮಾಡುವ, ನಿಲ್ಲಿಸುವ ಗುಂಡಿ ಅವರ ಕೈಗೆಟಕುವಂತಿತ್ತು. ಮೇಜಿನ ಸುತ್ತ ಕುಳಿತಿದ್ದ ಬಹುತೇಕರಿಗೆ ತಮ್ಮ ಮಾತು ಮುದ್ರಣವಾಗುತ್ತಿದೆ ಎಂಬುದೇ ತಿಳಿದಿರಲಿಲ್ಲ. ಆದ್ದರಿಂದ ಮಂತ್ರಿಗಳ, ಸೇನಾಧಿಕಾರಿಗಳ ಮಾತನ್ನು ಕೇಳುವ ಕಿವಿ ಬೇರೆ, ಅಧ್ಯಕ್ಷರ ಮಾತನ್ನು ಕೇಳುವ ಕಿವಿ ಬೇರೆ ಇರಬೇಕಾಗುತ್ತದೆ. ಅಕ್ಟೋಬರ್ 19ರಂದು ಸೇನಾ ಮುಖ್ಯಸ್ಥರ ಜೊತೆಗಿನ ಸಭೆ ಮುಗಿಸಿ ಕೆನಡಿ ಹೊರನಡೆದ ಮೇಲೂ ಟೇಪು ಓಡುತ್ತಲೇ ಇತ್ತು. ಅಧ್ಯಕ್ಷರು ಇಲ್ಲದಾಗ ಆ ಸೇನಾನಿಗಳು ತಮ್ಮತಮ್ಮಲ್ಲೇ ಆಡಿಕೊಂಡದ್ದನ್ನೂ ನಾವಿಂದು ಕೇಳಬಹುದು.

ಇನ್ನು 27ರ ಧ್ವನಿಮುದ್ರಣ. ಟರ್ಕಿಯಲ್ಲಿ ಅಮೆರಿಕ ನಿಲ್ಲಿಸಿದ್ದ 15 ಜುಪಿಟರ್ ಕ್ಷಿಪಣಿಗಳನ್ನು ತೆಗೆದರೆ ಕ್ಯೂಬಾದಿಂದ ತಮ್ಮವನ್ನು ತೆಗೆಯುವುದಾಗಿ ಸೋವಿಯತ್ ನಾಯಕ ಕ್ರುಶ್ಚೇವ್ ಮುಂದಿಟ್ಟ ಷರತ್ತು ಅಂದು ಬೆಳಿಗ್ಗೆ ಮಾಸ್ಕೋ ರೇಡಿಯೊದಲ್ಲಿ ಪ್ರಸಾರವಾಗಿತ್ತು. ಒಪ್ಪಿದರೆ ನ್ಯಾಟೊ ಮಿತ್ರರ ನಂಬಿಕೆ ಕುಸಿಯುತ್ತದೆ ಎಂದು ರಾಷ್ಟ್ರೀಯ ಭದ್ರತಾ ಸಲಹೆಗಾರ ಮೆಕ್‌ಜಾರ್ಜ್ ಬಂಡಿ ಮೊದಲಾದವರು ಪಟ್ಟುಹಿಡಿಯುತ್ತಾರೆ. ವಿವೇಕ ಇರುವ ಯಾರಿಗೇ ಆದರೂ ಇದು ನ್ಯಾಯವಾದ ವಿನಿಮಯವಾಗಿಯೇ ಕಾಣುತ್ತದೆ ಎಂಬಲ್ಲಿಗೆ ಕೆನಡಿ ಮತ್ತೆಮತ್ತೆ ಹಿಂತಿರುಗುತ್ತಾರೆ, ಆದರೆ ಕೊಠಡಿಯಲ್ಲಿ ಅವರಿಗೆ ಬೆಂಬಲ ಬಹಳ ಕಡಿಮೆ. ಮಧ್ಯಾಹ್ನದ ಸಭೆಯ ನಡುವೆಯೇ ಅಮೆರಿಕದ ಯು-2 ಬೇಹು ವಿಮಾನವನ್ನು ಕ್ಯೂಬಾದ ಮೇಲೆ ಹೊಡೆದುರುಳಿಸಿದ ಸುದ್ದಿ ಬರುತ್ತದೆ, ಪೈಲಟ್ ಸತ್ತಿದ್ದಾನೆಂಬುದು ತಿಳಿಯುತ್ತದೆ. ಆ ಕ್ಷಣದಿಂದ ಮಾತಿನ ಓಟ ಬದಲಾಗುವುದನ್ನು ಯಾವ ಲಿಖಿತ ರೂಪವೂ ನಿಮಗೆ ಕಾಣಿಸಲಾರದು.

ನೆನಪಿನ ಬರಹಗಳನ್ನು ಒರೆಗೆ ಹಚ್ಚುವುದಕ್ಕೂ ಟೇಪು ಬೇಕು. ಅಧ್ಯಕ್ಷರ ತಮ್ಮ, ಅಟಾರ್ನಿ ಜನರಲ್ ಆಗಿದ್ದ ರಾಬರ್ಟ್ ಕೆನಡಿ ಅವರ ನಿಧನಾನಂತರ 1969ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ ಅವರು ಆರಂಭದಿಂದಲೂ ಸಂಯಮದ ಪರವಾಗಿದ್ದವರಂತೆ ಕಾಣುತ್ತಾರೆ. ಅಕ್ಟೋಬರ್ 16ರ ಟೇಪಿನಲ್ಲಾದರೋ 1898ರಲ್ಲಿ ಹವಾನಾ ಬಂದರಿನಲ್ಲಿ ಮುಳುಗಿದ ಅಮೆರಿಕದ ಯುದ್ಧನೌಕೆ ಮೇನ್ ಅನ್ನು ನೆನೆದು, ಯುದ್ಧಕ್ಕೆ ಅಂಥದ್ದೊಂದು ನೆಪ ಸಿಗಬಹುದೇ ಎಂದು ಅವರೇ ಕೇಳುತ್ತಾರೆ. ಹಾಗೆಂದು ಟೇಪಿನಲ್ಲಿರುವುದೆಲ್ಲ ನಿಜವೆಂದಲ್ಲ. ಅಕ್ಟೋಬರ್ 28ರ ದೂರವಾಣಿ ಕರೆಯಲ್ಲಿ ಅಧ್ಯಕ್ಷ ಕೆನಡಿ, ಟರ್ಕಿ ಒಪ್ಪಂದಕ್ಕೆ ತಾವು ಒಪ್ಪಲಿಲ್ಲವೆಂಬಂತೆ ಮಾಜಿ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಹೇಳುತ್ತಾರೆ. ಹಿಂದಿನ ಸಂಜೆಯೇ ರಾಬರ್ಟ್ ಕೆನಡಿ ಸೋವಿಯತ್ ರಾಯಭಾರಿ ದೊಬ್ರಿನಿನ್ ಅವರಿಗೆ ಆ ಕ್ಷಿಪಣಿಗಳನ್ನು ತೆಗೆಯುವ ಭರವಸೆಯನ್ನು ಗುಟ್ಟಾಗಿ ಕೊಟ್ಟಾಗಿತ್ತು. ಆ ಭೇಟಿಯ ಟೇಪು ಇಲ್ಲ.

ಲಿಖಿತ ರೂಪವನ್ನು ಕಣ್ಣುಮುಚ್ಚಿ ನಂಬಬೇಡಿ. ಮೈಕಿನಿಂದ ದೂರ ಕುಳಿತವರ ದನಿ ಗೊರಗೊರ ಸದ್ದಿನಲ್ಲಿ ಮುಳುಗಿಹೋಗುತ್ತದೆ; 1997ರಲ್ಲಿ ಬಂದ ಮುದ್ರಿತ ಆವೃತ್ತಿಯಲ್ಲಿ ಎಷ್ಟೋ ತಪ್ಪುಗಳಿವೆಯೆಂದು ಕೆನಡಿ ಗ್ರಂಥಾಲಯದಲ್ಲೇ ಇತಿಹಾಸಕಾರರಾಗಿದ್ದ ಶೆಲ್ಡನ್ ಸ್ಟರ್ನ್ ತೋರಿಸಿಕೊಟ್ಟರು. ಪಠ್ಯವನ್ನು ಎದುರಿಗಿಟ್ಟುಕೊಂಡು, ಹೆಡ್‌ಫೋನ್ ಹಾಕಿಕೊಂಡು, ಸಂಶಯ ಬಂದ ಕಡೆ ಹಿಂದಕ್ಕೆ ಹೋಗಿ ಮತ್ತೆ ಕೇಳುವುದೇ ಸರಿಯಾದ ದಾರಿ.

ಆದರೆ ನನ್ನನ್ನು ಬಹಳ ಕಾಡುವ ಕೊರತೆ ಬೇರೆಯದು. ಇಷ್ಟೆಲ್ಲ ಗಂಟೆಗಳ ಚರ್ಚೆಯಲ್ಲಿ ಕ್ಯೂಬಾದ ಹೆಸರು ಬರುತ್ತದೆಯೇ ಹೊರತು ಕ್ಯೂಬಾದವರ ದನಿ ಬರುವುದಿಲ್ಲ. ದ್ವೀಪದಲ್ಲಿ ಸುಮಾರು 42,000 ಸೋವಿಯತ್ ಸೈನಿಕರಿದ್ದದ್ದಾಗಲಿ, ರಣರಂಗದಲ್ಲಿ ಬಳಸುವ ಸಣ್ಣ ಅಣ್ವಸ್ತ್ರಗಳು ಅಲ್ಲಿದ್ದದ್ದಾಗಲಿ ಆ ಮೇಜಿನ ಸುತ್ತ ಇದ್ದವರಿಗೆ ತಿಳಿದಿರಲಿಲ್ಲ. ಆ ಅಣ್ವಸ್ತ್ರಗಳ ವಿಷಯವನ್ನು ಅಂದಿನ ರಕ್ಷಣಾ ಮಂತ್ರಿ ಮೆಕ್‌ನಮಾರ ಅರಿತದ್ದು 1992ರಲ್ಲಿ, ಕ್ಯೂಬಾದ ನಾಯಕ ಕ್ಯಾಸ್ಟ್ರೊ ಕೂಡ ಕುಳಿತಿದ್ದ ಹವಾನಾ ಸಮ್ಮೇಳನದಲ್ಲಿ. ಆದ್ದರಿಂದ ಅಮೆರಿಕದ ಟೇಪಿನ ಬೆನ್ನಿಗೇ 1962ರ ಅಕ್ಟೋಬರ್ 23 ಮತ್ತು ನವೆಂಬರ್ 1ರಂದು ಕ್ಯಾಸ್ಟ್ರೊ ಟೆಲಿವಿಷನ್‌ನಲ್ಲಿ ಮಾಡಿದ ಭಾಷಣಗಳಿಗೆ ಹೋಗಿ. ತಮ್ಮನ್ನು ಕೇಳದೆಯೇ ಇಬ್ಬರು ದೊಡ್ಡವರು ಒಪ್ಪಂದ ಮಾಡಿಕೊಂಡರೆಂಬ ನೋವೂ, ಕ್ಷಿಪಣಿ ತೆಗೆದದ್ದರ ಪರಿಶೀಲನೆಗೆ ದೇಶದೊಳಗೆ ಬಿಡುವುದಿಲ್ಲವೆಂಬ ಹಟವೂ ಎರಡನೆಯದರಲ್ಲಿವೆ. ಕ್ಯಾಸ್ಟ್ರೊ ಭಾಷಣಗಳ ಇಂಗ್ಲಿಷ್ ಅನುವಾದಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯ ಒಂದೆಡೆ ಸೇರಿಸಿಟ್ಟಿದೆ. ಅವು ಪ್ರಸಾರಗಳನ್ನು ಆಲಿಸುತ್ತಿದ್ದ ಅಮೆರಿಕ ಸರ್ಕಾರದ ಸಂಸ್ಥೆಯೇ ಮಾಡಿಸಿದ ಅನುವಾದಗಳು ಎಂಬುದು ಮಾತ್ರ ನೆನಪಿರಲಿ.

ಮೂರನೆಯದಾಗಿ 1963ರ ನವೆಂಬರ್ 5ರ ಟೇಪು. ಅಳತೆಯಲ್ಲಿ ಚಿಕ್ಕದು, ಆದರೆ ನನ್ನ ಮಟ್ಟಿಗೆ ಅಷ್ಟೇ ಮುಖ್ಯ. ರಾಜತಂತ್ರಜ್ಞ ವಿಲಿಯಂ ಅಟ್‌ವುಡ್ ಅವರನ್ನು ಗುಟ್ಟಿನ ಮಾತುಕತೆಗೆ ಕ್ಯಾಸ್ಟ್ರೊ ಆಹ್ವಾನಿಸಿರುವುದನ್ನು ಬಂಡಿ ತಿಳಿಸುತ್ತಾರೆ. ಸರ್ಕಾರದ ಕೈವಾಡವನ್ನು ಅಲ್ಲಗಳೆಯಲು ಸಾಧ್ಯವಾಗುವಂತೆ ಅದನ್ನು ಹೇಗೆ ನಡೆಸಬಹುದೆಂದು ಕೆನಡಿ ವಿಚಾರಿಸುತ್ತಾರೆ. ಇದಾಗಿ 17 ದಿನಗಳಿಗೆ ಅವರ ಹತ್ಯೆಯಾಯಿತು. ವಾಷಿಂಗ್ಟನ್ನಿನ ನ್ಯಾಷನಲ್ ಸೆಕ್ಯುರಿಟಿ ಆರ್ಕೈವ್ ಈ ಧ್ವನಿಯನ್ನು 2003ರಲ್ಲಿ ಪ್ರಕಟಿಸಿತು.

ಅಲ್ಲಿಂದ ಮುಂದಕ್ಕೆ, ಕೆನಡಿ ನಂತರ ಅಧ್ಯಕ್ಷರಾದ ಲಿಂಡನ್ ಜಾನ್ಸನ್ ಅವರ ದೂರವಾಣಿ ಸಂಭಾಷಣೆಗಳಿವೆ. 1964ರ ಫೆಬ್ರವರಿಯಲ್ಲಿ, ಫ್ಲಾರಿಡಾ ಬಳಿ ಅಮೆರಿಕ ಕ್ಯೂಬಾದ ಮೀನುಗಾರರನ್ನು ಹಿಡಿದದ್ದಕ್ಕೆ ಪ್ರತಿಯಾಗಿ ಕ್ಯೂಬಾ ತನ್ನ ನೆಲದಲ್ಲಿದ್ದ ಅಮೆರಿಕದ ಗ್ವಾಂಟಾನಮೊ ನೌಕಾನೆಲೆಗೆ ನೀರು ನಿಲ್ಲಿಸಿದಾಗ ಅವರು ಸೆನೆಟರ್ ರಿಚರ್ಡ್ ರಸೆಲ್ ಜೊತೆ ಆಡಿದ ಮಾತುಗಳನ್ನು ಮೊದಲು ಕೇಳಿ. ಇಬ್ಬರೇ ಮಾತಾಡುವುದರಿಂದ ಸಂಪುಟ ಕೊಠಡಿಯ ಟೇಪುಗಳಿಗಿಂತ ಇವು ಕಿವಿಗೆ ಸುಲಭವಾಗಿ ದಕ್ಕುತ್ತವೆ.