ಓದುಗರ ಪ್ರಶ್ನೆ: ಹಾವಸೆಯ ಮಾದರಿಗಳನ್ನು ಉಳಿಸುವುದು ಹೇಗೆ?

ಪ್ರಶ್ನೆ: ನಾನು ಮೂಡಿಗೆರೆಯ ಬಿ.ಎಸ್ಸಿ. ವಿದ್ಯಾರ್ಥಿನಿ. ಕಾಫಿ ತೋಟದ ನೆರಳುಮರಗಳಿಂದ ತೆಗೆದ ಹಾವಸೆಯನ್ನು ಪುಸ್ತಕದಲ್ಲಿ ಒತ್ತಿಟ್ಟರೆ ಬೂಷ್ಟು ಹಿಡಿಯುತ್ತದೆ. ವಿಶ್ವವಿದ್ಯಾಲಯದ ಹರ್ಬೇರಿಯಂನಲ್ಲಿ (ಒಣಗಿಸಿದ ಸಸ್ಯ ಮಾದರಿಗಳ ಸಂಗ್ರಹಾಲಯ) ಇದನ್ನು ಹೇಗೆ ಕಾಪಾಡುತ್ತಾರೆ? ಡಿಜಿಟಲ್ ಚಿತ್ರ ತೆಗೆದ ಮೇಲೂ ಒಣ ಮಾದರಿ ಬೇಕೇ ಸರ್?

ಉತ್ತರ: ಹೂಬಿಡುವ ಗಿಡಗಳಂತೆ ಹಾವಸೆಯನ್ನು ಬಿಗಿಯಾಗಿ ಒತ್ತಬಾರದು, ಮಣ್ಣನ್ನು ಬಿಡಿಸಿ, ಕಾಗದದ ಮೇಲೆ ಸಡಿಲವಾಗಿ ಹರಡಿ, ನೆರಳಿನಲ್ಲಿ ಗಾಳಿಯಾಡುವಂತೆ ಒಣಗಿಸಬೇಕು. ಮಲೆನಾಡಿನ ಆಷಾಢದಲ್ಲಿ ಇದು ಸುಲಭವಲ್ಲವಾದ್ದರಿಂದ ಫ್ಯಾನ್ ಬಳಸಿ. ಪೂರ್ತಿ ಒಣಗಿದ ಮೇಲೆ ಆಮ್ಲರಹಿತ ಕಾಗದವನ್ನು ಮಡಚಿ ಮಾಡಿದ ಲಕೋಟೆಯಲ್ಲಿಟ್ಟು, ಸ್ಥಳ, ಎತ್ತರ, ದಿನಾಂಕ, ಸಂಗ್ರಹಿಸಿದವರ ಹೆಸರನ್ನು ಬರೆಯುತ್ತಾರೆ. ಯಾವುದರ ಮೇಲೆ ಬೆಳೆದಿತ್ತು ಎಂಬುದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಹಾವಸೆಯ ಮಟ್ಟಿಗೆ ಅದು ಅತಿ ಮುಖ್ಯ ಮಾಹಿತಿ. ‘ಮರದ ಮೇಲೆ’ ಎನ್ನದೆ ‘ಹಲಸಿನ ಬುಡದ ತೊಗಟೆ, ಉತ್ತರದ ಮಗ್ಗುಲು’ ಎಂದೇ ಬರೆಯಿರಿ. ಕೀಟಗಳನ್ನು ಕೊಲ್ಲಲು ಲಕೋಟೆಗಳನ್ನು ಸುಮಾರು ಒಂದು ವಾರ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುವುದು ರೂಢಿ.

ಡಿಜಿಟಲೀಕರಣದಲ್ಲಿ ಲಕೋಟೆಗೆ ಬಾರ್‌ಕೋಡ್ ಅಂಟಿಸಿ, ಚೀಟಿ ಮತ್ತು ಮಾದರಿಯ ಚಿತ್ರವನ್ನು ಅಳತೆಪಟ್ಟಿಯೊಂದಿಗೆ ತೆಗೆದು, ಅಕ್ಷಾಂಶ-ರೇಖಾಂಶಗಳೊಡನೆ ವಿವರವನ್ನು ದತ್ತಾಂಶಕೋಶಕ್ಕೆ ಸೇರಿಸುತ್ತಾರೆ. ಇದರಿಂದ ಮುಳ್ಳಯ್ಯನಗಿರಿಯ ಹಾವಸೆಯ ವಿವರ ದೂರದ ಸಂಶೋಧಕರಿಗೂ ದೊರೆಯುತ್ತದೆ. ಹಾಗೆಂದು ಮಾದರಿಯನ್ನು ಎಸೆಯುವ ಮಾತೇ ಬೇಡ. ಎಷ್ಟೋ ಪ್ರಭೇದಗಳನ್ನು ಗುರುತಿಸಲು ಎಲೆಯ ಜೀವಕೋಶಗಳ ಆಕಾರವನ್ನೂ ಬೀಜಕಕೋಶದ (ಸಂತಾನೋತ್ಪತ್ತಿಯ ಸೂಕ್ಷ್ಮ ಬೀಜಕಗಳಿರುವ ಪುಟ್ಟ ಕೋಶ) ಬಾಯಿಯ ಸುತ್ತಲಿನ ಹಲ್ಲಿನಂಥ ರಚನೆಗಳನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು; ದಶಕಗಳ ಹಿಂದೆ ಒಣಗಿಸಿದ ಎಲೆಯೂ ಒಂದು ಹನಿ ನೀರು ಬಿದ್ದರೆ ಬಿಡಿಸಿಕೊಂಡು ಪರೀಕ್ಷೆಗೆ ಸಿದ್ಧವಾಗುತ್ತದೆ. ತೋಟದಿಂದ ಕಾಡಿನತ್ತ ಹೊರಟಾಗ ಮಾತ್ರ ಅರಣ್ಯ ಇಲಾಖೆಯ ಲಿಖಿತ ಅನುಮತಿ ಪಡೆಯಿರಿ. ಒಂದು ಮಾದರಿಗೆ ಅರ್ಧ ಅಂಗೈಯಷ್ಟು ಹಾವಸೆ ಸಾಕು.